ಎಟ್ನಾ ಬೆಟ್ಟಕ್ಕೆ ಚರಗ

ಕತಾನಿಯಾದ ಬಾಡಿಗೆ ಮನೆಗೆ ಬಂದ ಹೊಸತು. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಆಕಾಶದಿಂದ ಕರಿ ಮರಳು ಸುರಿಯುತ್ತಿತ್ತು. ಒಣಹಾಕಿದ ಸೀರೆ, ಕಿಟಕಿ, ಬೀದಿಯ ಕಾರು ಎಲ್ಲ ಕಪ್ಪು. ಜನ ಕೊಡೆ ಹಿಡಿದು ಏನೂ ಆಗಿಲ್ಲವೆಂಬಂತೆ ಬ್ರೆಡ್ಡು ತರಲು ಹೊರಟಿದ್ದರು. ಜ್ವಾಲಾಮುಖಿಯ ಕಲ್ಲುಗಳ ಅಧ್ಯಯನವೇ ನನ್ನ ಕೆಲಸ. ಅದಕ್ಕೆಂದೇ ಬಸವನ ಬಾಗೇವಾಡಿಯಲ್ಲಿ ಪಾಠ ಹೇಳುವುದನ್ನು ಬಿಟ್ಟು ಇಟಲಿಯ ಈ ಸಿಸಿಲಿ ದ್ವೀಪಕ್ಕೆ ಬಂದವಳು ನಾನು. ಆದರೂ ಬಾಗಿಲು ಮುಚ್ಚಿ ಒಳಗೆ ಓಡಿದೆ.

ಮನೆಯೊಡತಿ ಕಾರ್ಮೇಲಾ ನನ್ನ ಅತ್ತೆಯ ವಯಸ್ಸಿನವಳು. ನನ್ನ ಕೈಗೆ ಕಸಬರಿಗೆ ಕೊಟ್ಟು 'ರೀನಾ' ಎಂದಳು. ಸಿಸಿಲಿ ಮಾತಿನಲ್ಲಿ ಮರಳು ಎಂದರ್ಥ. ಎಟ್ನಾ ಜ್ವಾಲಾಮುಖಿಯನ್ನು ಇಲ್ಲಿಯವರು ಹೆಸರು ಹಿಡಿದು ಕರೆಯುವುದು ಕಡಿಮೆ. ಬರೀ 'ಮುಂತಾನ್ಯಾ', ಬೆಟ್ಟ ಅಷ್ಟೇ, ಅದೂ ಹೆಣ್ಣು. ಇವತ್ತು ಅವಳಿಗೆ ಕೆಮ್ಮು, ನಿನ್ನೆ ನಿದ್ದೆ ಮಾಡಿದ್ದಳು ಎಂದು ಪಕ್ಕದ ಮನೆಯಾಕೆಯ ಸುದ್ದಿಯ ಹಾಗೆ ಹೇಳುತ್ತಾರೆ.

ನಾನು ಎರೆಹೊಲದವಳು, ಕಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಗುಡಿಸಿದ ಮರಳನ್ನೆಲ್ಲ ಕುಂಡಗಳಿಗೆ ತುಂಬಿ ಮೆಂತ್ಯೆ ಬಿತ್ತಿದೆ. ಎರೆದ ನೀರು ಎರೆದ ಹಾಗೆಯೇ ಕೆಳಗೆ ಹರಿದುಹೋಯಿತು. ನನ್ನ ಗಂಡನ ಊರು ಮಸೂತಿಯ ಎರೆಮಣ್ಣು ಕುಡಿದ ನೀರನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಇದು ಜರಡಿ. ಕಾರ್ಮೇಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇದು ಮಣ್ಣಾಗಲು ಎಷ್ಟೋ ತಲೆಮಾರು ಬೇಕು ಹುಡುಗಿ ಎಂದು ಗೊಬ್ಬರ ತಂದು ಬೆರೆಸಿದಳು.

ಊರಿನ ನೆನಪು ತೀರಾ ಕಾಡಿದರೆ ಬೀದಿ ಮೂಲೆಯ ಗೂಡಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಲಿಂಬೆ ಹಿಂಡಿ, ಉಪ್ಪು ಹಾಕಿ ಸೋಡಾ ಕೊಡುತ್ತಾರೆ. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕುಡಿದದ್ದೇ. ಲಿಂಬೆ ಮಾತ್ರ ಮುಷ್ಟಿ ಗಾತ್ರ, ಸಿಪ್ಪೆ ದಪ್ಪ. ನನ್ನ ತವರು ಇಂಡಿ ತಾಲ್ಲೂಕಿನ ಅಗರಖೇಡದ ಪುಟ್ಟ ಲಿಂಬೆಯ ರಸದ ಮುಂದೆ ಇದು ಏನೂ ಅಲ್ಲ. ಇದನ್ನು ಹೇಳಿದ್ದಕ್ಕೆ ಕಾರ್ಮೇಲಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮಗಳು ಗೌರಿ ಜೊತೆಗಿಲ್ಲದ್ದು. ಎರಡನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಗಂಡ ಶಿವಾನಂದ ಅವಳನ್ನು ಕರೆದುಕೊಂಡು ಬರುವುದು, ಮೂವರೂ ಇಲ್ಲೇ ಇರುವುದು ಎಂದು ಮಾತಾಗಿತ್ತು. ಅದನ್ನು ಕೆಡಿಸಿದವಳು ನಾನೇ.

ಅತ್ತೆ ಒಂದು ದಿನ ರೊಟ್ಟಿ ತಟ್ಟುತ್ತ ವಿಡಿಯೊದಲ್ಲಿ, ಅಲ್ಲೇ ಯಾಕೆ ಬೆಂಕಿ ಬೆಟ್ಟ ಎದ್ದಿತು ಎಂದು ಕೇಳಿದರು. ನನಗೆ ಪಾಠದ ಹುಕಿ ಬಂತು. ಸಮುದ್ರದ ತಳವೆಂಬುದು ದೊಡ್ಡ ಕಲ್ಲಿನ ರೊಟ್ಟಿ, ಅತ್ತ್ಯಾರ ಎಂದೆ. ಅದರ ಒಂದು ಭಾಗ ಇಟಲಿಯ ಅಡಿಗೆ ಬಾಗಿ ಮುಳುಗುತ್ತಿದೆ. ಪಕ್ಕದ ಭಾಗ ಸಿಸಿಲಿಯ ನೆಲಕ್ಕೆ ಕಚ್ಚಿಕೊಂಡು ಮುಳುಗಲು ಒಲ್ಲೆ ಎನ್ನುತ್ತಿದೆ. ನಡುವೆ ಅದು ಹರಿದು ಸೀಳಾಗುತ್ತಿದೆ. ಆ ಹರುಕಿನ ಸಂದಿಯಲ್ಲಿ ಕೆಳಗಿನ ಕಾದ ಕಲ್ಲು ಮೇಲೇರುತ್ತದೆ. ಏರಿದಂತೆ ಮೇಲಿನ ಒತ್ತಡ ಕಡಿಮೆಯಾಗಿ ಕರಗುತ್ತದೆ. ಅದೇ ಉಕ್ಕಿ ಬೆಟ್ಟವಾಗುತ್ತದೆ. ಮೇಲಿನ ನೆಲವೂ ಬಿರುಕು ಬಿಟ್ಟು ಬೆಟ್ಟದ ಒಂದು ಮಗ್ಗುಲು ಸಮುದ್ರದ ಕಡೆಗೆ ಮೆಲ್ಲಗೆ ಜಾರುತ್ತಿದೆ. ಇದು ನಮ್ಮಲ್ಲಿ ಅನೇಕರ ಅಭಿಪ್ರಾಯ, ವಾದ ಇನ್ನೂ ಮುಗಿದಿಲ್ಲ ಎಂದೂ ಸೇರಿಸಿದೆ. ಅದನ್ನು ಕೇಳುವವರು ಯಾರು? ಅತ್ತೆಯ ಕೈ ಆಗಲೇ ನಿಂತಿತ್ತು.

"ಹರದ ಜಾಗಾದ ಮ್ಯಾಲ ಮನಿ ಮಾಡೀದಿ. ಕೂಸಿನ್ನ ನಾ ಕಳಸಂಗಿಲ್ಲ."

ನನ್ನ ಪಾಠ ಯಾವ ವಿದ್ಯಾರ್ಥಿಗೂ ಇಷ್ಟು ಚೆನ್ನಾಗಿ ಮನಸ್ಸಿಗೆ ಹತ್ತಿರಲಿಲ್ಲ. ಶಿವಾನಂದ ತಾಯಿಯ ಮಾತು ಮೀರುವವರಲ್ಲ. ಅವರಿಗೂ ಒಳಗೊಳಗೇ ಹೆದರಿಕೆ. ನಮ್ಮ ಎರೆಮಣ್ಣೂ ಒಂದು ಕಾಲದಲ್ಲಿ ಬೆಂಕಿಯಾಗಿ ಹರಿದ ಕಲ್ಲಿನಿಂದಲೇ ಆದದ್ದು, ಆದರೆ ಅದರ ಕಾರಣ ಬೇರೆ ಎಂದು ತಿಳಿಸಿ ಹೇಳಿದೆ. ಅತ್ತೆ ಜಗ್ಗಲಿಲ್ಲ. ಗೌರಿ ಇಲ್ಲದೆ ಇನ್ನೊಂದು ವರ್ಷ ನನ್ನಿಂದ ಆಗದು, ಬೇಸಿಗೆಗೆ ಕೆಲಸ ಬಿಟ್ಟು ಊರಿಗೆ ಮರಳುವುದೇ ಸರಿ ಎಂದುಕೊಂಡೆ.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಉಣ್ಣುವ ಮೊದಲು ಅಡುಗೆಯನ್ನು ನೆಲದ ತುಂಬ ಎರಚುತ್ತೇವೆ. ಬಸುರಿ ಭೂಮಿಗೆ ಉಣಿಸುವ ಆ ಶಾಸ್ತ್ರಕ್ಕೆ ಚರಗ ಎನ್ನುತ್ತಾರೆ. ನಾನು ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿಕೊಂಡೆ. ಕಾರ್ಮೇಲಾ ಬೆಟ್ಟದ ಇಳಿಜಾರಿನಲ್ಲಿರುವ ತನ್ನ ತಮ್ಮನ ದ್ರಾಕ್ಷಿ ತೋಟಕ್ಕೆ ಕಾರಿನಲ್ಲಿ ಕರೆದೊಯ್ದಳು. ಅಲ್ಲಿಂದ ವಿಡಿಯೊ ಹಚ್ಚಿದರೆ ಅತ್ತೆ, ಮೈದುನನ ಮನೆಮಂದಿ, ಗೌರಿ ಎಲ್ಲ ಮಸೂತಿಯ ಹೊಲದಲ್ಲಿ ಕೂತಿದ್ದರು.

ಅತ್ತೆ ನಮ್ಮ ಸುತ್ತಲಿನದನ್ನೆಲ್ಲ ತೋರಿಸಲು ಹೇಳಿದರು. ಕರಿಕಲ್ಲಿನ ಒಡ್ಡು, ಬಳ್ಳಿ ಕತ್ತರಿಸುತ್ತಿದ್ದ ತಮ್ಮ, ಹಿಂದೆ ಹಿಮ ಹೊತ್ತು ಹೊಗೆ ಬಿಡುತ್ತಿದ್ದ ಬೆಟ್ಟ. ಕಾರ್ಮೇಲಾಳ ಅಜ್ಜಿಯ ಮನೆ ಲಾವಾದಡಿ ಹೋಗಿತ್ತೆಂದೂ ಮತ್ತೆ ಇಲ್ಲೇ ಕಟ್ಟಿದರೆಂದೂ ಹೇಳಿದೆ. ಯಾಕೆ ಇಲ್ಲೇ ಎಂದು ಅತ್ತೆ ನನ್ನ ಮೂಲಕ ಕೇಳಿಸಿದರು. ಮುಂತಾನ್ಯಾ ಕೊಟ್ಟದ್ದನ್ನೂ ನಾವೇ ಉಂಡಿದ್ದೇವಲ್ಲ ಎಂದಳು ಕಾರ್ಮೇಲಾ. ನಾನು ಕನ್ನಡದಲ್ಲಿ ತಿಳಿಸಿದೆ. ಅತ್ತೆ ಬೆಟ್ಟದ ಕಡೆ ಕೈ ತೋರಿಸಿದರು.

"ನಮ್ಮ ಭೂಮಿ ಹಡದು ಎದ್ದು ಯಾವ ಕಾಲಾತೋ. ಈಕಿ ಇನ್ನಾ ಬಾಣಂತಿ ಅದಾಳ. ಮೈ ಸುಡತೈತಿ, ಸಿಟ್ಟು ಬರತೈತಿ. ಮೊದಲ ಆಕಿಗೆ ಉಣಸವ್ವಾ."

ನಾನು ಎರಚಿದೆ. ಕಾರ್ಮೇಲಾಳೂ ಒಂದು ಹಿಡಿ ಎರಚಿದಳು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಗೌರಿಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಅಂದಿನಿಂದ ಫೋನಿನಲ್ಲಿ ಅವರು ಮೊದಲು ಕೇಳುವುದು ಬೆಟ್ಟದ ಆರೋಗ್ಯ, ಆಮೇಲೆ ನನ್ನದು.

ಬೇಸಿಗೆಗೆ ಊರಿಗೆ ಹೋದೆ, ಆದರೆ ಕೆಲಸ ಬಿಡದೆ, ರಜೆಯ ಮೇಲೆ. ಮಸೂತಿಯ ಮೊದಲ ಬೆಳಗ್ಗೆ ಅಂಗಳಕ್ಕೆ ಬಂದವಳೇ ರೂಢಿಯಂತೆ ಉತ್ತರಕ್ಕೆ ನೋಡಿದೆ. ಬೆಟ್ಟ ಇರಲಿಲ್ಲ, ಆಕಾಶದ ಅಂಚಿನತನಕ ಸಪಾಟು ಎರೆಹೊಲ. ಈ ಬಯಲಿಗಾಗಿ ಅಲ್ಲಿ ಎಷ್ಟು ಅತ್ತಿದ್ದೆ! ಈಗ ಇಲ್ಲಿ ನಿಂತು ಆ ಹೊಗೆಯನ್ನು ಹುಡುಕುತ್ತಿದ್ದೇನೆ. ಎರಡು ಕಡೆಯೂ ಅರ್ಧರ್ಧ ಪರಕೀಯಳಾದೆನಲ್ಲ ಎಂದು ನೋವಾಯಿತು.

ನಾನು ಕತಾನಿಯಾಕ್ಕೆ ಮರಳಿ ಹೊರಡುವ ದಿನ ಹತ್ತಿರ ಬಂತು. ಹಿಂದಿನ ದಿನ ಅತ್ತೆ ತಾವೇ ಗೌರಿಯ ಬಟ್ಟೆ ಮಡಚಿ ಚೀಲಕ್ಕೆ ತುಂಬಿದರು. ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟರು. ತೆಗೆದು ನೋಡಿದರೆ ಖೊಬ್ಬರಿ, ಉತ್ತತ್ತಿ ಹಾಕಿ ಕಟ್ಟಿದ ಅಂಟಿನ ಉಂಡೆ, ಹೆರಿಗೆಯಾದವರಿಗೆ ಮಾಡುವಂಥದು. ಗೌರಿ ಕೈ ಹಾಕಲು ಹೋದಳು. ಅತ್ತೆ ಮುಚ್ಚಳ ಹಾಕಿಬಿಟ್ಟರು.

"ಇದು ನಿಮಗಲ್ಲ. ಆಕಿಗೆ."