ಹೆಸರು ಅಳಿಸಿದ ಲೇಖನ

ಬೆಳಕು ಹರಿಯುವ ಮೊದಲೇ ಮಧುಮತಿ ಅಂಗಳ ಗುಡಿಸಿ, ನೀರು ತುಂಬಿ, ರೊಟ್ಟಿ ಬಡಿದು, ಒಲೆಯ ಮುಂದೆಯೇ ಒಂದು ಲೇಖನವನ್ನೂ ಓದಿ ಮುಗಿಸಿರುತ್ತಾಳೆ. ವಿದ್ವತ್ ಪತ್ರಿಕೆಯೊಂದು ಲೇಖಕರ ಹೆಸರು ಅಳಿಸಿ ಕಳಿಸುವ ಲೇಖನಗಳು ಅಚ್ಚಿಗೆ ಯೋಗ್ಯವೋ ಅಲ್ಲವೋ ಎಂದು ಹೇಳುವುದು ಬನಹಟ್ಟಿಯ ಈ ಕಾಲೇಜು ಅಧ್ಯಾಪಕಿಯ ಕೆಲಸ. ದೂರದ ಮಗ್ಗಗಳ ಸದ್ದು ಜೋಗುಳದಂತೆ ತೇಲಿ ಬರುವಾಗ, ಹಿಟ್ಟು ನಾದುತ್ತ ಆ ಹೆಸರಿಲ್ಲದವರಿಗೆಲ್ಲ ಅವಳು ಮುಖ ಕೊಡುತ್ತಾಳೆ. ಒಬ್ಬರಿಗೆ ದಪ್ಪ ಕನ್ನಡಕ, ಇನ್ನೊಬ್ಬರಿಗೆ ಬಿಡದ ಕೆಮ್ಮು. ಆಧಾರವಿಲ್ಲದ ಮಾತು ಸಿಕ್ಕರೆ ರೊಟ್ಟಿ ತಿರುವಿದಷ್ಟೇ ಮೆಲ್ಲಗೆ 'ಇದನ್ನು ಕಂಡವರು ಯಾರು?' ಎಂದು ಅಂಚಿನಲ್ಲಿ ಬರೆಯುತ್ತಾಳೆ. "ಪಗಾರಿಲ್ಲ, ಹೆಸರೂ ಹಾಕೂದಿಲ್ಲ. ಇದೂ ಮನಿ ಕೆಲಸನ ಆತ ಬಿಡವಾ," ಎಂದು ಅತ್ತೆ ಮಾದೇವಿ ಹಳೆಯ ಸೈಕಲ್ ಗಾಲಿಯ ರಾಟೆ ತಿರುಗಿಸಿ ಮಗ್ಗಕ್ಕೆ ನೂಲು ಸುತ್ತುತ್ತ ಛೇಡಿಸುತ್ತಾಳೆ. "ನಿಮ್ಮ ನೂಲಿನ ಮ್ಯಾಲೆ ಯಾರ ಹೆಸರೈತ್ರಿ, ಅತ್ತಿ?" ಎಂದು ಇವಳು ಕೇಳಿದರೆ ಇಬ್ಬರೂ ನಗುತ್ತಾರೆ. ಇಂದಿನ ಲೇಖನ ಮಗ್ಗದ ಮನೆಗಳ ದುಡಿಮೆಯ ಕುರಿತಾದದ್ದು. 'ಸೈಕಲ್ ಗಾಲಿಯ ರಾಟೆಯಲ್ಲಿ ಮನೆಯ ಮುದುಕಿ ಹೊತ್ತು ಕಳೆಯಲು ನೂಲು ಸುತ್ತುತ್ತಾಳೆ. ಅವಳನ್ನು ದುಡಿಯುವವರಲ್ಲಿ ಸೇರಿಸಿಲ್ಲ' ಎಂಬ ಸಾಲಿಗೆ ಬಂದಾಗ ಮಧುಮತಿ ಯಾವ ಮುಖವನ್ನೂ ಕಲ್ಪಿಸಬೇಕಾಗಲಿಲ್ಲ. ಅವ್ವನ ರಾಟೆಯ ಬಗ್ಗೆ ದಿನಾ ಇದೇ ಮಾತು ಆಡುವವನು, ಒಳಗೆ ಮಲಗಿದ್ದ ಗಂಡ ಮುರಗೆಪ್ಪನೇ ಬರೆದವನು. ಇದು ಅಚ್ಚಾದರೆ ಅವನಿಗೆ ತನ್ನ ಕಾಲೇಜಿನಲ್ಲಿ ಬಡ್ತಿ. ಸುಮ್ಮನೆ 'ಯೋಗ್ಯ' ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ. ಹೊರಗೆ ರಾಟೆ ತಿರುಗುತ್ತಲೇ ಇತ್ತು. ಅವಳು ಕೈಯ ಹಿಟ್ಟು ಒರೆಸಿಕೊಂಡು ಸಂಪಾದಕರಿಗೆ ಬರೆದಳು: 'ಲೇಖಕರು ನನ್ನ ಗಂಡ, ಬೇರೆಯವರಿಂದ ಓದಿಸಿ. ಆ ಮುದುಕಿ ನನ್ನ ಅತ್ತೆ. ಆಕೆ ದುಡಿಯುವುದನ್ನು ಕಂಡವಳು ನಾನು.' ಕೆಳಗೆ, ಮೊದಲ ಸಲ, ತನ್ನ ಹೆಸರು ಹಾಕಿದಳು.