ದೊಡ್ಡಮ್ಮನ ಮೌನದ ಪಾಠ

ನಮ್ಮ ದೊಡ್ಡಮ್ಮ ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಅದೂ ಸುಳ್ಳು. ನಿದ್ದೆಯಲ್ಲೂ ಆಕೆ ಮಾತಾಡುವುದನ್ನು ನಾನೇ ಕೇಳಿದ್ದೇನೆ. ಮನೆಯಲ್ಲಿ ಆಕೆಗೆ ರೇಡಿಯೊ ಎಂದೇ ಹೆಸರು. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪನೂ ಮಾತಾಡುತ್ತಿದ್ದರಂತೆ. ನಾನು ಕಂಡಂತೆ ಅವರದು "ಹೂಂ" ಒಂದೇ.

ಇಂಥ ದೊಡ್ಡಮ್ಮ ಕಲಿಸುತ್ತಿದ್ದದ್ದು ಯಾವ ಭಾಷೆ ಅಂತೀರಿ? ಮಾತೇ ಆಡದವರ ಭಾಷೆ! ಎಲ್ಲೋ ದೂರದ ಚಳಿ ದೇಶದ್ದು. ಟೈಲರ್ ಅಂಗಡಿಯ ಮಹಡಿಯಲ್ಲಿ, ಕೆಳಗೆ ಹೊಲಿಗೆ ಯಂತ್ರ ಓಡಿದಾಗಲೆಲ್ಲ ನಡುಗುವ ಬೆಂಚುಗಳ ಕೋಣೆಯಲ್ಲಿ ಆಕೆಯ ಸಂಜೆ ಕ್ಲಾಸು. ಆ ದೇಶಕ್ಕೆ ಕೆಲಸಕ್ಕೆ ಹೋಗಬೇಕೆಂದಿದ್ದ ಇಬ್ಬರು ನರ್ಸುಗಳು, ಒಬ್ಬ ವೆಲ್ಡರ್, ಒಬ್ಬ ಹೋಟೆಲ್ ಅಡುಗೆಯವನು, ಕೊನೆಯ ಬೆಂಚಿನಲ್ಲಿ ನಾನು. ನಾನು ಎಲ್ಲಿಗೂ ಹೋಗುವವಳಲ್ಲ. ಆದರೆ ದೊಡ್ಡಮ್ಮ ಕರೆದಾಗ ಒಲ್ಲೆ ಅನ್ನುವುದಕ್ಕೆ ಸಂದು ಸಿಗಬೇಕಲ್ಲ!

"ಬರೀ ಭಾಷೆ ಕಲಿತ್ರೆ ಸಾಲದು, ಅವರ ರೀತಿನೀತೀನೂ ಕಲೀಬೇಕು," ಎಂದು ದೊಡ್ಡಮ್ಮ ದಿನಾ ಹೇಳುತ್ತಿದ್ದಳು. "ಅಲ್ಲಿ ಒಬ್ರು ಮಾತು ಮುಗಿಸಿದ ತಕ್ಷಣ ಇನ್ನೊಬ್ರು ಶುರು ಮಾಡಲ್ಲ. ಸ್ವಲ್ಪ ಹೊತ್ತು ಸುಮ್ನಿರ್ತಾರೆ. ನೀವು ಹೇಳಿದ್ದು ಒಳಗೆ ಇಳೀತಾ ಇದೆ ಅಂತ ಅದರ ಅರ್ಥ. ಅದೇ ಮರ್ಯಾದೆ."

"ಎಷ್ಟು ಹೊತ್ತು ಮೇಡಂ, ನಾವು..." ಎಂದು ವೆಲ್ಡರ್ ಶುರು ಮಾಡಿದ.

"ಅದೇ ಹೇಳ್ತಾ ಇದೀನಿ ಕೇಳು," ಎಂದು ಅವನ ಬಾಯಿಂದ ಮಾತು ಕಿತ್ತುಕೊಂಡ ದೊಡ್ಡಮ್ಮ, ಸುಮ್ಮನಿರುವುದು ಹೇಗೆಂದು ಅರ್ಧ ಗಂಟೆ ಭಾಷಣ ಬಿಗಿದಳು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಎಂದು ಪಕ್ಕದ ನರ್ಸು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಒಂದು ದಿನ ಈ ಕ್ಲಾಸು ನಡೆಸುವ ಸಂಸ್ಥೆಯ ಮಾಲೀಕರು ಮಹಡಿ ಹತ್ತಿ ಬಂದರು. "ಆ ದೇಶದಿಂದ ಪರೀಕ್ಷಕಿ ಬರ್ತಿದ್ದಾರೆ ಮೇಡಂ. ನಿಮ್ಮ ಜೊತೇಲೇ ಕೂತು ಮಾತಾಡ್ತಾರಂತೆ. ಭಾಷೆ ನಿಮಗೆ ಬರುತ್ತೆ, ಬಿಡಿ. ಅವರ ರೀತೀನೂ ಗೊತ್ತಿದೆ ಅಂತ ಅವರಿಗೆ ಅನ್ನಿಸಿದ್ರೆ ಕ್ಲಾಸು ಉಳಿಯುತ್ತೆ. ಇಲ್ದಿದ್ರೆ ಈ ಕೋಣೇನ ಟೈಪಿಂಗ್‌ನವರಿಗೆ ಕೊಟ್ಬಿಡ್ತೀನಿ."

ದೊಡ್ಡಮ್ಮನ ಮುಖ ಸಪ್ಪಗಾಯಿತು. ಮನೆಗೆ ಹೋಗುವ ದಾರಿಯಲ್ಲಿ, "ಮನೇಲಿ ನನ್ನ ಮಾತು ಯಾರು ಕೇಳ್ತಾರೆ ಹೇಳು? ನಿಮ್ಮ ದೊಡ್ಡಪ್ಪ ಹೂಂ ಅಂತಾರೆ, ಅಷ್ಟೇ. ಈ ಕ್ಲಾಸೂ ಹೋದ್ರೆ ಗೋಡೆ ಜೊತೆ ಮಾತಾಡ್ಬೇಕು ನಾನು," ಎಂದಳು. ಅಷ್ಟು ದಿನ ಆಕೆಯನ್ನು ಆಡಿಕೊಂಡು ನಗುತ್ತಿದ್ದ ನಾನು ಅವತ್ತು ಆಕೆಯ ಪುಸ್ತಕದ ಚೀಲ ಇಸಿದುಕೊಂಡು ಹೊತ್ತೆ.

ಪರೀಕ್ಷೆಯ ದಿನ ದೊಡ್ಡಮ್ಮ ಬಾಯಿಗೆ ಬೀಗವಿರಲಿ ಎಂದು ದಪ್ಪನೆಯ ಪೆಪ್ಪರ್‌ಮಿಂಟ್ ಇಟ್ಟುಕೊಂಡು ಕೂತಳು. ನಾವೂ ಬೆಂಚುಗಳಲ್ಲಿ ಉಸಿರು ಬಿಗಿಹಿಡಿದು ಕೂತೆವು. ಉದ್ದನೆಯ ಪರೀಕ್ಷಕಿ ಒಳಗೆ ಬಂದವಳೇ, ಕೂರುವ ಮುಂಚೆಯೇ ಶುರು ಹಚ್ಚಿಕೊಂಡಳು. ಅವಳ ಭಾಷೆಯೇ, ಆದರೆ ಅವಳ ದೇಶದಲ್ಲಿ ಯಾರೂ ಆಡದ ವೇಗದಲ್ಲಿ.

"ಊಟ ಆಯ್ತಾ? ಮಕ್ಕಳೆಷ್ಟು? ಯಾಕೆ ಇಷ್ಟು ಸೊರಗಿದ್ದೀರಿ? ಚಪ್ಪಲಿ ಎಲ್ಲಿ ತಗೊಂಡ್ರಿ?"

ದೊಡ್ಡಮ್ಮ ಮರ್ಯಾದೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು ಬಾಯಿ ತೆರೆಯುವಷ್ಟರಲ್ಲಿ ಪರೀಕ್ಷಕಿ ಚಪ್ಪಲಿಯಿಂದ ತನ್ನ ಅತ್ತೆಯ ಮಂಡಿನೋವಿಗೆ ದಾಟಿದ್ದಳು. ಮಂಡಿನೋವು! ಅದಕ್ಕೆ ದೊಡ್ಡಮ್ಮನ ಬಳಿ ಒಂದಲ್ಲ, ಎರಡಲ್ಲ, ಬುಟ್ಟಿಗಟ್ಟಲೆ ಮದ್ದುಗಳಿದ್ದವು. ಹೇಳುವಂತಿಲ್ಲ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರಾಡಿತು. ಹಲ್ಲು ಕಚ್ಚಿ ಕೂತಳು. ಪೆಪ್ಪರ್‌ಮಿಂಟ್ ಕಟಕ್ಕೆಂದು ಒಡೆದದ್ದು ಕೊನೆಯ ಬೆಂಚಿಗೂ ಕೇಳಿಸಿತು.

ಕೊನೆಗೆ ಪರೀಕ್ಷಕಿಯೇ ಸುಸ್ತಾಗಿ ಗಟಗಟ ನೀರು ಕುಡಿದಳು. "ಇಲ್ಲಿಗೆ ಬರೋ ಮುಂಚೆ ನಮಗೂ ಒಂದು ಕ್ಲಾಸು ಮಾಡಿದ್ರು. ಸುಮ್ನಿದ್ರೆ ಇಲ್ಲಿಯವರು ಜಂಬ ಅಂದ್ಕೋತಾರೆ, ಬಿಡದೆ ಮಾತಾಡಿ ಅಂದ್ರು. ನನ್ನ ಗಂಟಲೇ ಬಿದ್ದುಹೋಯ್ತು. ಸರಿಯಾಗಿ ಮಾಡಿದ್ನಾ?"

ದೊಡ್ಡಮ್ಮ ಸ್ವಲ್ಪ ಹೊತ್ತು ಬಿಟ್ಟು, "ತುಂಬ ಚೆನ್ನಾಗಿ," ಎಂದಳು. ಆಮೇಲೆ ಇಬ್ಬರೂ ಸುಮ್ಮನೆ ಕೂತರು. ಅದೆಷ್ಟು ಹಿತವಾಗಿತ್ತೆಂದರೆ ಅಡುಗೆಯವನಿಗೆ ಜೊಂಪು ಹತ್ತಿತು.

ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರನ್ನು ನಮ್ಮ ದೇಶದಲ್ಲೂ ನೋಡಿಲ್ಲ ಎಂದು ಹೇಳಿ ಪರೀಕ್ಷಕಿ ಹೊರಟಳು. ಕ್ಲಾಸು ಉಳಿಯಿತು. "ಯಾರ ಬಗ್ಗೆ ಅವರು ಹೇಳಿದ್ದು?" ಎಂದು ಮಾಲೀಕರು ನನ್ನನ್ನು ಮತ್ತೆ ಮತ್ತೆ ಕೇಳಿದರು.

ಮನೆಯಲ್ಲಿ ದೊಡ್ಡಪ್ಪನಿಗೆ ಊಟ ಬಡಿಸುತ್ತಾ ದೊಡ್ಡಮ್ಮ ಇಡೀ ಕಥೆಯನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಸುಮ್ಮನೆ ಕೂತ ಭಾಗ ಬಂದಾಗ, ಹೇಗೆ ಬಾಯಿ ಮುಚ್ಚಿದ್ದೆ ಎಂದು ನಿಂತಲ್ಲೇ ಮಾಡಿಯೂ ತೋರಿಸಿದಳು. ಆ ಮನೆಯಲ್ಲಿ ಅಂಥ ಸದ್ದಿಲ್ಲದ ಗಳಿಗೆಯನ್ನು ನಾನು ಕಂಡಿರಲಿಲ್ಲ. ದೊಡ್ಡಪ್ಪ ತಲೆಯೆತ್ತಿ ಆಚೀಚೆ ನೋಡಿದರು.

"ನಂಗೆ ಬದನೆಕಾಯಿ ಇಷ್ಟ ಇಲ್ಲ," ಎಂದರು.

ದೊಡ್ಡಮ್ಮನ ಸೌಟು ಅಲ್ಲೇ ನಿಂತಿತು. "ಮದುವೆ ಆದಾಗಿಂದ ವಾರ ವಾರ ತಿಂತಿದ್ದೀರಲ್ರೀ! ಮೊದ್ಲೇ ಹೇಳೋದಲ್ವಾ?"

"ಹೇಳೋಣ ಅಂತಾನೇ ಇದ್ದೆ."

ದೊಡ್ಡಮ್ಮ ಬಾಯಿ ತೆರೆದಳು. ಮುಗೀತು ಕಥೆ ಅಂದುಕೊಂಡೆ ನಾನು. ಆಕೆ ಬಾಯಿ ಮುಚ್ಚಿ, ಕುರ್ಚಿ ಎಳೆದುಕೊಂಡು ಅವರೆದುರು ಕೂತಳು. "ಇನ್ನೇನಾದ್ರೂ ಇದೆಯಾ?"

ದೊಡ್ಡಪ್ಪ ತಟ್ಟೆ ಸರಿಸಿ, ಗಂಟಲು ಸರಿಮಾಡಿಕೊಂಡರು. "ನೀನು ಕ್ಲಾಸಿಗೆ ಹೋದ್ರೆ ಮನೆ ಬಿಕೋ ಅನ್ನುತ್ತೆ ಕಣೆ."

ಬಹಳ ಹೊತ್ತು ದೊಡ್ಡಮ್ಮ ಏನೂ ಹೇಳಲಿಲ್ಲ. ಆಮೇಲೆ, "ಹೂಂ," ಎಂದಳು.