ಮುಳ್ಳು ಕಟ್ಟಿದ ಒಣಮರ

ಹಳೇಕೋಟೆಯ ಜವರಮ್ಮ ಯಾರನ್ನೂ ನಂಬಿದವಳಲ್ಲ. ತೆಂಗಿನಕಾಯಿ ಕೀಳುವವನು ಮರ ಇಳಿಯುವ ತನಕ ಬುಡದಲ್ಲೇ ನಿಂತು, ಉರುಳಿದ ಒಂದೊಂದು ಕಾಯಿಯನ್ನೂ ಕಾಯುತ್ತಾಳೆ. ಹಾಲಿನ ಡೇರಿಯ ಹುಡುಗಿ ನಕ್ಕರೆ, ಯಾಕೆ ನಕ್ಕಳು ಅಂತ ಮನೆ ಸೇರುವವರೆಗೂ ಯೋಚಿಸುತ್ತಾಳೆ. ಆದರೆ ಅವಳ ಅನುಮಾನವೆಲ್ಲ ಒಟ್ಟಾಗಿ ಬಂದು ಕೂತದ್ದು ಮೈದುನನ ಮಗ ದಿಲೀಪನ ಮೇಲೆ.

ಸುಮ್ಮನೆ ಕೂರಲಿಲ್ಲ ಬಿಡಿ, ಕಾರಣವಿತ್ತು. ಮಕ್ಕಳಿಲ್ಲದ ಗಂಡ ದೇವರಾಜು ಸಾಯುವ ಮುಂಚೆ ವಿಲ್ ಬರೆಸಿದ್ದ. ಹೆಂಡತಿ ಬದುಕಿರುವ ತನಕ ತೆಂಗಿನ ತೋಟ ಅನುಭವಿಸಬಹುದು, ಕಾಯಿ ಮಾರಿಕೊಳ್ಳಬಹುದು. ತೋಟ ಮಾರುವಂತಿಲ್ಲ, ಮರ ಕಡಿಯುವಂತಿಲ್ಲ. ಅವಳು ಹೋದ ಮೇಲೆ ತೋಟ ದಿಲೀಪನಿಗೆ. ಅವಳೇನಾದರೂ ಮರ ಕಡಿದರೆ ಅವತ್ತೇ ದಿಲೀಪನಿಗೆ. ತೋಟ ಲಪಟಾಯಿಸಿಯಾರು ಅಂತ ಆ ಮಹರಾಯ ಹೆದರಿದ್ದು ಅವಳ ತಮ್ಮಂದಿರಿಗೆ, ಕಟ್ಟುಬಿದ್ದವಳು ಇವಳು.

ಹಾಸನದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ದಿಲೀಪ ಬಂದಾಗೆಲ್ಲ "ಉಷಾರಾಗಿದ್ದೀಯಾ ದೊಡ್ಡವ್ವ?" ಅಂದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಇವನಿಗ್ಯಾಕೆ ನನ್ನ ಉಷಾರು? ಅವನು ತಂದ ಸೇಬನ್ನು ಹಸುವಿಗೆ ಹಾಕಿ, ಸಾಯಂಕಾಲದವರೆಗೂ ಹಸುವನ್ನೇ ನೋಡುತ್ತಿದ್ದಳು.

ಹೋದ ವರ್ಷ ಮನೆ ಪಕ್ಕದ ಒಂದು ಮರ ಸುಳಿ ಒಣಗಿ ಸತ್ತಿತು.

"ಇದ್ನ ಕಡಿಸ್ಬುಡು ದೊಡ್ಡವ್ವ. ಒಳಗೆ ಹುಳ ಮರಿ ಆಕ್ತದೆ, ಮಿಕ್ಕ ಮರಕ್ಕೂ ಬತ್ತದೆ," ಅಂದ ದಿಲೀಪ.

ಸಿಕ್ಕಿಬಿದ್ದ ಕಳ್ಳ! ನಾನು ಕಡಿಸಬೇಕು, ಇವನು ವಿಲ್ ಹಿಡಿದು ಓಡಿಬರಬೇಕು! ಜವರಮ್ಮ ಅವತ್ತೇ ಮರದ ಬುಡಕ್ಕೆ ಜಾಲಿ ಮುಳ್ಳು ಕಟ್ಟಿದಳು, ತೋಟದ ಗೇಟಿಗೆ ಬೀಗ ಜಡಿದಳು.

ಈ ಮಳೆಗಾಲದಲ್ಲಿ ಆ ಒಣಮರ ಮನೆ ಕಡೆಗೇ ವಾಲತೊಡಗಿತು. ಅವಳಿಗೆ ನಿದ್ದೆ ಹತ್ತಲಿಲ್ಲ. ಹೊಳೆನರಸೀಪುರದ ಲಾಯರ್ ಶಾಂತರಾಜು ಹತ್ತಿರ ಹೋದಳು.

"ಇವತ್ತು ಅನುಭವಿಸೋ ಹಕ್ಕು ನಿಮ್ಮದು, ನಿಮ್ಮ ನಂತರದ್ದು ಅವನದು. ಅವನದೂ ಗಟ್ಟಿ ಹಕ್ಕೇ ಕಣಮ್ಮ, ಕೈಗೆ ಬರೋದು ಮಾತ್ರ ಆಮೇಲೆ," ಅಂದರು ಶಾಂತರಾಜು. "ತೋಟ ಉಳಿಸೋಕೆ ಸತ್ತ ಮರ ತೆಗೆದರೆ ತಪ್ಪಲ್ಲ. ಆದರೂ ಅವನನ್ನ ಜೊತೆಗಿಟ್ಟುಕೊಂಡೇ ಕಡಿಸಿ."

ಇವರಿಗೂ ಅವನೇ ಕಾಫಿ ಕುಡಿಸಿರಬೇಕು ಅಂದುಕೊಂಡೇ ಬಸ್ಸು ಹತ್ತಿದಳು. ಆದರೂ ಮರ ತಲೆ ಮೇಲೆ ಬೀಳುವ ಭಯ ದೊಡ್ಡದಿತ್ತು. ದಿಲೀಪನಿಗೆ ಫೋನ್ ಮಾಡಿಸಿದಳು.

ಅವನು ಬಂದ, ಮರ ಮನೆಯಿಂದಾಚೆ ಬೀಳಲಿ ಅಂತ ಹಗ್ಗ ಬಿಗಿದ. ಕೊಡಲಿ ಮಾತ್ರ ಮುಟ್ಟಲಿಲ್ಲ.

"ನಾನ್ ಕಡಿಯಕಿಲ್ಲ ದೊಡ್ಡವ್ವ. ನೀನು ಬದುಕಿರೋವಾಗ್ಲೇ ತ್ವಾಟಕ್ಕೆ ಕೈ ಆಕ್ದ ಅಂತ ನಿನ್ ತಮ್ಮಂದಿರು ಸ್ಟೇಷನ್‌ಗೆ ಓಗ್ತಾರೆ. ನೀನೇ ಮೊದ್ಲು ಏಟಾಕು."

"ನಾನು ಏಟಾಕ್ಲಿ ಅಂತ ತಾನೇ ನೀನು ಕಾಯ್ತಿರೋದು!"

ಓಹೋ, ಅನುಮಾನ ಅವಳೊಬ್ಬಳ ಆಸ್ತಿ ಅಲ್ಲ! ಕೊನೆಗೆ ದಿಲೀಪ ಮೊಬೈಲನ್ನು ಕಲ್ಲುಕಂಬಕ್ಕೆ ಒರಗಿಸಿ ವಿಡಿಯೋ ಆನ್ ಮಾಡಿದ. ಇಬ್ಬರೂ ಒಂದೇ ಕೊಡಲಿಯ ಕಾವು ಹಿಡಿದು, ಒಬ್ಬರ ಕೈ ಇನ್ನೊಬ್ಬರು ನೋಡಿಕೊಂಡು, ಒಟ್ಟಿಗೆ ಏಟು ಹಾಕಿದರು.

ಕಾಂಡ ಟೊಳ್ಳಾಗಿತ್ತು, ನಾಲ್ಕೇ ಏಟಿಗೆ ಮರ ಮನೆಯಿಂದಾಚೆ ಉರುಳಿತು. ಒಳಗಿಂದ ಹೆಬ್ಬೆರಳು ಗಾತ್ರದ ಬಿಳಿ ಹುಳಗಳು ಪತಪತ ಉದುರಿದವು. ಜವರಮ್ಮ ಕತ್ತೆತ್ತಿ ಪಕ್ಕದ ಮರ ನೋಡಿದಳು. ಹುಳ ತಿಂದು ಎಳೆ ಗರಿಗಳನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು. ಅದರಾಚೆಯದೂ ಹಾಗೇ, ಸಾಲಿಗೆ ಸಾಲೇ ಹಾಗೇ. ಇಷ್ಟು ದಿನ ಬುಡ ಕಾದವಳು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ.

"ಇದ್ಯಾವಾಗಿಂದ್ಲಾ?"

"ನೀನು ಗೇಟಿಗೆ ಬೀಗ ಆಕ್ದಾಗಿಂದ."

"ನಿನ್ ಕಾಲಕ್ಕೆ ಏನಾದ್ರೂ ಉಳೀತದಾ?"

ದಿಲೀಪ ಹೋಗಿ ವಿಡಿಯೋ ಆಫ್ ಮಾಡಿದ. ಜವರಮ್ಮ ಸೊಂಟದಿಂದ ಗೇಟಿನ ಬೀಗದ ಕೈ ತೆಗೆದು ಅವನ ಕೈಯಲ್ಲಿಟ್ಟಳು. ಅದನ್ನು ಜೇಬಿಗೆ ಹಾಕುವ ಮುಂಚೆ ಅವನು, ಇದರಲ್ಲೇನು ಕುತಂತ್ರವಿದೆಯೋ ಅಂತ, ಅವಳ ಮುಖವನ್ನೇ ನೋಡಿದ.